ಒಂದು ಸೌಟು ನೆಣ

ಪ್ರಾಣಿಗಳ ಹಿತಕ್ಕಾಗಿ ಸೇರುವ ಸಭೆಗೆ ಯಾರಾದರೂ ನನ್ನನ್ನು ಕರೆಯಲು ಬಂದರೆ, ಮಧ್ಯಾಹ್ನದ ಊಟಕ್ಕೆ ಏನು ಮಾಡಿಸುತ್ತೀರಿ ಎಂದು ಮೊದಲು ಕೇಳುತ್ತೇನೆ. ಬಂದವರು ನಗುತ್ತಾರೆ. ಮುದುಕನಿಗೆ ಬಾಯಿಚಪಲ ಎಂದುಕೊಳ್ಳುತ್ತಾರೆ. ಕೋಳಿ ಎಂದರೆ ನಾನು ಹೋಗುವುದಿಲ್ಲ. ಹಾಗೆಂದು ನಾನು ಮಾಂಸ ಬಿಟ್ಟವನಲ್ಲ. ಕೈಲ್ ಮುಹೂರ್ತದ ಹಬ್ಬಕ್ಕೆ ನಮ್ಮ ಮನೆಯಲ್ಲೂ ಹಂದಿ ಬೇಯುತ್ತದೆ, ನಾನೂ ಉಣ್ಣುತ್ತೇನೆ. ಆದರೆ ಆ ಒಂದು ಸಭೆಯ ಎಲೆಗೆ ಅದು ಬರಕೂಡದು. ಇದನ್ನು ನನಗೆ ಕಲಿಸಿದವರು ಮಡಿಕೇರಿಯ ದನದ ಆಸ್ಪತ್ರೆಯಲ್ಲಿದ್ದ ಒಬ್ಬ ಕಾಂಪೌಂಡರು.

ಕೊಡಗು ಆಗ ಇನ್ನೂ ಪ್ರತ್ಯೇಕ ರಾಜ್ಯ. ನಾನು ಹೈಸ್ಕೂಲಿನಲ್ಲಿ ಮೇಷ್ಟ್ರು. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ ಬೆಳೆದವನು. ಐದಕ್ಕೆ ಏಳುವ ಗಂಟೆ, ಐದೂಕಾಲಿಗೆ ಸ್ನಾನದ ಗಂಟೆ, ಆರಕ್ಕೆ ಓದಿನ ಗಂಟೆ. ಆ ಗಂಟೆಗಳು ನಿಂತು ಎಷ್ಟೋ ವರ್ಷವಾದರೂ ನನ್ನ ದಿನ ಹಾಗೆಯೇ ನಡೆಯುತ್ತದೆ. ಊರಿನ ಪ್ರಾಣಿದಯೆಯ ಸಂಘಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದ್ದೂ ಇದೇ ಗುಣ ನೋಡಿ. ಹತ್ತಕ್ಕೆ ಸಭೆ ಎಂದರೆ ನಾನು ಹತ್ತಕ್ಕೇ ಶುರು ಮಾಡುತ್ತಿದ್ದೆ, ಅಧ್ಯಕ್ಷರು ಬರಲಿ ಬಿಡಲಿ.

ಸಂಘದಲ್ಲಿ ಎಸ್ಟೇಟ್ ಮಾಲೀಕರಿದ್ದರು, ವಕೀಲರಿದ್ದರು, ಅಂಗಡಿಯವರಿದ್ದರು. ನಿಜವಾದ ಕೆಲಸ ಮಾಡುತ್ತಿದ್ದವರು ಮಾತ್ರ ಕಾಂಪೌಂಡರು ಒಬ್ಬರೇ. ಭಾಗಮಂಡಲದ ಕಡೆಯ ಗೌಡರ ಮನೆಯವರು. ತೆಳ್ಳಗೆ, ಎತ್ತರಕ್ಕೆ ಇದ್ದರು. ಹತ್ತಿರ ನಿಂತರೆ ಫಿನಾಯಿಲ್ ವಾಸನೆ. ಪ್ರತಿ ಶುಕ್ರವಾರ ಬೆಳಿಗ್ಗೆ ಸಂತೆಯ ಬಾಗಿಲಲ್ಲಿ ಮುಲಾಮಿನ ಡಬ್ಬಿ ಹಿಡಿದು ನಿಲ್ಲುತ್ತಿದ್ದರು. ನೊಗ ಉಜ್ಜಿ ಹುಣ್ಣಾದ ಎತ್ತಿನ ಹೆಗಲಿಗೆ ಮುಲಾಮು ಹಚ್ಚುವುದು, ಗಾಡಿಯವನಿಗೆ ನೊಗಕ್ಕೆ ಬಟ್ಟೆ ಸುತ್ತುವುದನ್ನು ತೋರಿಸುವುದು. ಬೈಯುತ್ತಿರಲಿಲ್ಲ. “ಅಣ್ಣ, ಒಂದು ಮಾತು ಕೇಳ್ತೀರಾ?” ಎಂದೇ ಶುರು ಮಾಡುತ್ತಿದ್ದರು.

ಅವರ ಮನಸ್ಸಿಗೆ ಎಲ್ಲಕ್ಕಿಂತ ಹೆಚ್ಚು ಹತ್ತಿದ್ದದ್ದು ಸಂತೆಗೆ ಹಂದಿ ತರುವ ರೀತಿ. ನಾಲ್ಕು ಕಾಲನ್ನೂ ಒಟ್ಟಿಗೆ ಕಟ್ಟಿ, ನಡುವೆ ಒಂದು ಗಳ ತೂರಿಸಿ, ಇಬ್ಬರು ಹೆಗಲ ಮೇಲೆ ಹೊತ್ತು ತರುತ್ತಿದ್ದರು. ಹಂದಿಯ ತಲೆ ಕೆಳಗೆ. ದೂರದ ಹಳ್ಳಿಗಳಿಂದ ನಾಲ್ಕು ಗಂಟೆಯ ದಾರಿ. ಸಂತೆಗೆ ಮುಟ್ಟುವಷ್ಟರಲ್ಲಿ ಕಾಲಿನ ಚರ್ಮ ಕಿತ್ತು, ಕಣ್ಣು ಕೆಂಪಾಗಿ, ಅದಕ್ಕೆ ಕೂಗಲೂ ಶಕ್ತಿ ಉಳಿದಿರುತ್ತಿರಲಿಲ್ಲ. ಕಾಂಪೌಂಡರು ಇದಕ್ಕೆಂದು ಬಿದಿರಿನ ಒಂದು ಗೂಡು ಹೆಣೆದಿದ್ದರು. ಹಂದಿ ಅದರೊಳಗೆ ನಿಂತುಕೊಂಡೇ ಬರಬಹುದಿತ್ತು. ಯಾರೂ ಅದನ್ನು ಒಯ್ಯಲಿಲ್ಲ. ಆಸ್ಪತ್ರೆಯ ಜಗಲಿಯಲ್ಲಿ ಅದು ಹಾಗೇ ಬಿದ್ದಿತ್ತು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಸಂಘದ ವಾರ್ಷಿಕ ದಿನಕ್ಕೆ ಊಟದ ಏರ್ಪಾಡು ನನ್ನದು. ಊಟ ಎಂದರೆ ನಮ್ಮ ಕಡೆ ಹಂದಿ ಕರಿ ಮತ್ತು ಕಡಂಬುಟ್ಟು, ಅಂದರೆ ಅಕ್ಕಿತರಿಯನ್ನು ಉಂಡೆಕಟ್ಟಿ ಹಬೆಯಲ್ಲಿ ಬೇಯಿಸಿದ ಕಡುಬು. ಅದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇದೆ ಎಂದು ನನಗೆ ಅನಿಸಿರಲಿಲ್ಲ. ಹಿಂದಿನ ಸಂಜೆಯೇ ಬರಬೇಕಿದ್ದ ಹಂದಿ ಮರುದಿನ ಬೆಳಿಗ್ಗೆ ಹತ್ತಕ್ಕೆ ಬಂತು. ಆಗ ಸ್ಕೂಲಿನ ಹಾಲಿನಲ್ಲಿ ಕಾಂಪೌಂಡರ ಭಾಷಣ ನಡೆಯುತ್ತಿತ್ತು. ಹಂದಿಯನ್ನು ತಲೆಕೆಳಗೆ ಹೊರುವುದು ಏಕೆ ತಪ್ಪು ಎಂದು ಅವರು ವಿವರಿಸುತ್ತಿದ್ದಾಗ, ಕಿಟಕಿಯ ಆಚೆ ಇಬ್ಬರು ಒಂದು ಹಂದಿಯನ್ನು ತಲೆಕೆಳಗೆ ಹೊತ್ತುಕೊಂಡು ಅಡಿಗೆ ಕೊಟ್ಟಿಗೆಯ ಕಡೆ ಹೋದರು. ಸಭೆಯೆಲ್ಲ ನೋಡಿತು. ಕಾಂಪೌಂಡರು ಮಾತು ಮುಗಿಸಿ ಕೂತರು. ಆಮೇಲೆ ಎಲ್ಲರೂ ಉಂಡೆವು. ಅವರೂ ಉಂಡರು.

ಮುಂದಿನ ಶುಕ್ರವಾರ ಸಂತೆಯಲ್ಲಿ ಅವರು ನಮಗೆ ಆ ಹಂದಿ ತಂದುಕೊಟ್ಟಿದ್ದ ಹಂದಿ ಮಾರುವವನ ಮುಂದೆ ನಿಂತು ಎಂದಿನಂತೆ ಬಾಯಿ ತೆರೆದರು. ಅವನು ಇಡೀ ಸಂತೆಗೆ ಕೇಳುವ ಹಾಗೆ ಹೇಳಿದ:

“ಕಾಂಪೌಂಡ್ರೇ, ಮೊನ್ನೆ ನಿಮ್ಮ ಎಲೆಗೆ ಬಿದ್ದದ್ದು ನಾನು ತಲೆಕೆಳಗೆ ತಂದ ಹಂದಿಯೇ. ರುಚಿ ಕೆಟ್ಟಿತ್ತಾ?”

ಜನ ಬಿದ್ದು ಬಿದ್ದು ನಕ್ಕರು. ಅಲ್ಲಿಂದ ಮುಂದೆ ಪ್ರತಿ ಶುಕ್ರವಾರವೂ ಹೀಗೇ. ಕಾಂಪೌಂಡರು ಯಾರ ಹತ್ತಿರ ನಿಂತರೂ, ಕೋಳಿ ಮಾರುವವನಾಗಲಿ ಗಾಡಿಯವನಾಗಲಿ, ಹಿಂದಿನಿಂದ ಯಾರೋ “ರುಚಿ ಕೆಟ್ಟಿತ್ತಾ?” ಎನ್ನುವುದು, ಎಲ್ಲರೂ ನಗುವುದು. ಎತ್ತಿನವರು ಕೂಡ ಮುಲಾಮು ಹಚ್ಚಿಸಿಕೊಂಡು ನಗುತ್ತಲೇ ಹೋಗುತ್ತಿದ್ದರು.

ಒಂದು ದಿನ ಅವರು ಸ್ಕೂಲಿಗೆ ಬಂದು ಹೇಳಿದರು: “ಮೇಷ್ಟ್ರೇ, ಅವ ಕೇಳಿದ್ದರಲ್ಲಿ ತಪ್ಪಿಲ್ಲ. ಸಂಘದ ಊಟ ಹೀಗೇ ಇದ್ದರೆ ಇನ್ನು ನಾನು ಸಂತೇಲಿ ಬಾಯಿ ಬಿಡುವ ಹಾಗಿಲ್ಲ. ಊಟದ ವಿಷಯ ಸಭೆಗೆ ತರಬೇಕು.”

“ವಿಷಯಪಟ್ಟಿ ಏಳು ದಿನ ಮುಂಚೆ ಮುಗಿಯುತ್ತದೆ. ಈ ತಿಂಗಳದು ಮುಗಿದಿದೆ” ಎಂದೆ.

“ಸರಿ. ಬರುವ ತಿಂಗಳದಕ್ಕೆ ಮೊದಲು ಬರೆಯಿರಿ” ಎಂದು ಹೊರಟುಹೋದರು. ವಾದ ಮಾಡಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ಗೌರವ ಮೂಡಿತು.

ನಮ್ಮ ಅಧ್ಯಕ್ಷರು ಸೈನ್ಯದಿಂದ ನಿವೃತ್ತರಾದ ಒಬ್ಬ ಸುಬೇದಾರರು. ಒಳ್ಳೆಯ ಬೇಟೆಗಾರರು. ನಾಯಿ, ಕುದುರೆ ಎಂದರೆ ಪ್ರಾಣ. ಊಟಕ್ಕೆ ಮಾಂಸ ಬೇಡ ಎಂಬ ವಿಷಯವನ್ನು ನಾನು ಓದಿದ ಕೂಡಲೇ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಎಂಥ ಕಾಂಪೌಂಡರೇ, ನಮ್ಮನ್ನೆಲ್ಲ ಸನ್ಯಾಸಿ ಮಾಡ್ಲಿಕ್ಕೆ ಹೊರಟಿದ್ದೀರಾ?”

“ಮನೆಯಲ್ಲಿ ಏನು ಬೇಕಾದರೂ ಉಣ್ಣಿ ಸುಬೇದಾರರೇ. ನಾನೂ ಉಣ್ತೇನೆ. ಸಂಘದ ಎಲೆ ಮಾತ್ರ ಬೇರೆ ಇರಲಿ ಅಂತ.”

ಪಕ್ಕದಲ್ಲಿದ್ದ ಒಬ್ಬ ಎಸ್ಟೇಟ್ ಮಾಲೀಕರು ಹೊಟ್ಟೆ ಸವರಿಕೊಂಡರು. “ಬಂದ ನೆಂಟರಿಗೆ ಸೊಪ್ಪು ಹಾಕಿ ಕಳಿಸಿದ್ರು ಅಂತ ವಿರಾಜಪೇಟೆವರೆಗೆ ಸುದ್ದಿ ಆಗ್ತದೆ. ದನಕ್ಕೆ ದಯೆ ತೋರಿಸ್ಲಿಕ್ಕೆ ಹೋಗಿ ನಮಗೇ ದನದ ಮೇವಾ?”

ಎಲ್ಲರೂ ನಕ್ಕರು. ನಗು ನಿಲ್ಲುವವರೆಗೆ ಕಾಂಪೌಂಡರು ಕಾದರು. ಆಮೇಲೆ ಸುಬೇದಾರರನ್ನು ಕೇಳಿದರು: “ನಿಮ್ಮೂರ ದೇವರ ಹಬ್ಬಕ್ಕೆ ಕಟ್ಟು ಎಷ್ಟು ದಿನ?”

ಕಟ್ಟು ಎಂದರೇನು ಎಂದು ಹೊರಗಿನವರಿಗೆ ಹೇಳಬೇಕು. ಊರ ದೇವಸ್ಥಾನದ ಹಬ್ಬ ಹತ್ತಿರ ಬಂದಾಗ ದೇವಸ್ಥಾನದ ಮುಖ್ಯಸ್ಥರಾದ ತಕ್ಕರು ಇಂಥ ದಿನದಿಂದ ಕಟ್ಟು ಎಂದು ಸಾರುತ್ತಾರೆ. ಹಬ್ಬ ಮುಗಿಯುವವರೆಗೆ ಆ ಊರಿನಲ್ಲಿ ಯಾರೂ ಪ್ರಾಣಿ ಕೊಲ್ಲುವಂತಿಲ್ಲ, ಮಾಂಸ ಉಣ್ಣುವಂತಿಲ್ಲ, ಹಸಿರು ಕೊಂಬೆ ಕೂಡ ಕಡಿಯುವಂತಿಲ್ಲ.

“ಎಂಟು ದಿನ” ಎಂದರು ಸುಬೇದಾರರು.

“ಆ ಎಂಟು ದಿನ ನಿಮ್ಮ ಕೋವಿ?”

“ಗೋಡೆ ಮೇಲೆ.”

“ಕೋಳಿ?”

“ಗೂಡಲ್ಲಿ. ಮುಟ್ಟಿದ್ರೆ ತಕ್ಕರು ಬಿಡ್ತಾರಾ?”

“ಆಗ ನೆಂಟರು ಬಂದ್ರೆ?”

“ಕಟ್ಟು ಅಂತ ಹೇಳ್ತೇವೆ. ಅವರಿಗೂ ಗೊತ್ತಿರ್ತದೆ.”

“ಅವಮಾನ ಆಯ್ತು ಅಂತ ಯಾರಾದರೂ ಎದ್ದು ಹೋದದ್ದು ಉಂಟಾ?”

ಸುಬೇದಾರರು ಮೇಜಿನ ಮೇಲಿದ್ದ ಕನ್ನಡಕ ಎತ್ತಿಕೊಂಡು ಒರೆಸತೊಡಗಿದರು. ಎಸ್ಟೇಟ್ ಮಾಲೀಕರು ಅವರ ಸಹಾಯಕ್ಕೆ ಬಂದರು. “ಅದು ದೇವರ ಮಾತು. ಇಲ್ಲಿ ಕಟ್ಟು ಹಾಕ್ಲಿಕ್ಕೆ ನೀವ್ಯಾರು? ತಕ್ಕರಾ?”

“ನಾನು ಕಾಂಪೌಂಡರು” ಎಂದರು ಇವರು. “ಹಾಕುವುದಾದರೆ ಅಧ್ಯಕ್ಷರು ಹಾಕಬೇಕು.”

ಸುಬೇದಾರರ ಮೀಸೆ ಅಲುಗಿತು. ಅವರು ಕನ್ನಡಕ ಹಾಕಿಕೊಂಡು ನನ್ನ ಕಡೆ ತಿರುಗಿದರು. “ಮೇಷ್ಟ್ರೇ, ಬರ್ಕೊಳ್ಳಿ. ವಾರ್ಷಿಕ ದಿನ ಸಂಘಕ್ಕೆ ಕಟ್ಟು. ಆದ್ರೆ ಎಲೆ ಮುಂದೆ ಕೂತವನು ಹಸಿದು ಏಳಬಾರದು. ಒಬ್ಬ ಎದ್ರೂ ಅದರ ಮುಂದಿನ ವರ್ಷ ಹಂದಿ ನಾನೇ ಹೊಡ್ಕೊಂಡು ಬರ್ತೇನೆ.”

ಕಾಂಪೌಂಡರು ಒಪ್ಪಿದರು. ಇನ್ನೊಂದನ್ನು ಮಾತ್ರ ಕೇಳಿಕೊಂಡರು: ಊಟಕ್ಕೆ ಆ ಹಂದಿ ಮಾರುವವನನ್ನೂ ಕರೆಯಬೇಕು. ಅದನ್ನೂ ಬರೆದುಕೊಂಡೆ.

ಅಡಿಗೆಗೆ ಪೇಟೆಯ ಹೋಟೆಲಿನವರನ್ನು ಕರೆಸೋಣ ಎಂದು ನಾನು ಹೇಳಿದೆ. ಕಾಂಪೌಂಡರು ಒಪ್ಪಲಿಲ್ಲ. “ಹೋಟೆಲಿನ ಸಾಂಬಾರು ಹಾಕಿದರೆ ನಮ್ಮವರು ಮೂಗು ಮುರೀತಾರೆ. ಮನೆಯ ರುಚಿಯೇ ಬರಬೇಕು” ಎಂದು ತಮ್ಮ ಭಾವನನ್ನು, ಅಕ್ಕನ ಗಂಡನನ್ನು, ಕರೆತಂದರು. ಆ ಕಡೆಯ ಹತ್ತೂರಿನ ಮದುವೆಗೆ ಹಂದಿ ಕರಿ ಮಾಡುತ್ತಿದ್ದ ಕೈ ಅದು. ಎಳೆಬಿದಿರಿನ ಮೊಳಕೆಯ ಕಣಿಲೆ ಕರಿ, ಹಲಸಿನ ಬೀಜದ ಕರಿ, ಉಪ್ಪಿನಲ್ಲಿಟ್ಟ ಕಾಡುಮಾವಿನ ಗೊಜ್ಜು, ಕಡಂಬುಟ್ಟು, ಮಜ್ಜಿಗೆ, ಪಾಯಸ ಎಂದು ನಿಶ್ಚಯವಾಯಿತು. ನಾನು ಒಂದು ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: ಮಾಂಸ ಇಲ್ಲ, ಕೋಳಿ ಇಲ್ಲ, ಮೀನು ಇಲ್ಲ, ಒಣಮೀನು ಇಲ್ಲ, ಮೊಟ್ಟೆ ಇಲ್ಲ. ಭಾವನಿಗೆ ಓದಿ ಹೇಳಿ, ಅಡಿಗೆ ಕೊಟ್ಟಿಗೆಯ ಗೋಡೆಗೆ ಅಂಟಿಸಿದೆ.

ಭಾವ ಪ್ರತಿಯೊಂದಕ್ಕೂ ತಲೆ ಆಡಿಸಿದರು. “ಐದು ‘ಇಲ್ಲ’ ಆತ್ ಮೇಷ್ಟ್ರೇ. ನಮ್ಮ ಪಾಲಿಗೆ ಎಂತ ಉಟ್ಟು ಅಂತನೂ ಬರೀರಿ” ಎಂದರು. ಅವರ ಅರೆಭಾಷೆಯಲ್ಲಿ ಉಟ್ಟು ಎಂದರೆ ಇದೆ. ನಾನೂ ನಕ್ಕೆ.

ಮರುವರ್ಷದ ವಾರ್ಷಿಕ ದಿನ ಒಂದು ಭಾನುವಾರ. ಮಳೆ ಬಿಡುವು ಕೊಟ್ಟಿತ್ತು. ಭಾಷಣಗಳು ಹನ್ನೆರಡೂ ನಲವತ್ತಕ್ಕೆ ಮುಗಿದವು. ಒಂದಕ್ಕೆ ಎಲೆ ಹಾಕಬೇಕು. ಕೊಟ್ಟಿಗೆಯ ಕಡೆಯಿಂದ ಕಾಳುಮೆಣಸು, ಕಾಚಂಪುಳಿ ಎನ್ನುವ ಹಣ್ಣಿನ ರಸದ ಹುಳಿ, ಒಗ್ಗರಣೆ ಎಲ್ಲ ಸೇರಿದ ಘಮ ಬಂತು. ಸುಬೇದಾರರು ಕಿಟಕಿಯ ಹತ್ತಿರ ಹೋಗಿ ಮೂಗು ಎತ್ತಿದರು. “ಇದು ಸೊಪ್ಪಿನ ವಾಸನೆ ಅಲ್ಲವಲ್ಲ ಮಾರಾಯ್ರೇ!” ಹಂದಿ ಮಾರುವವನು ಬಿಳಿ ಅಂಗಿ ಹಾಕಿಕೊಂಡು ಕೊನೆಯ ಬೆಂಚಿನಲ್ಲಿ ಕೂತಿದ್ದ. ಅವನೂ ಮೂಗು ಎತ್ತಿದ. ನಾವು ಗೆದ್ದೆವು ಎಂದುಕೊಂಡೆ.

ಆಗ ಕಾಂಪೌಂಡರು ಬಾಗಿಲಲ್ಲಿ ನಿಂತು ನನ್ನನ್ನು ಕೈಮಾಡಿ ಕರೆದರು. ಕೊಟ್ಟಿಗೆಗೆ ಹೋದೆ. ಒಂದು ಸೌಟು ಕಣಿಲೆ ಕರಿ ನನ್ನ ಮುಂದೆ ಹಿಡಿದರು.

“ತಿಂದು ನೋಡಿ.”

ತಿಂದೆ. “ಬಹಳ ಚೆನ್ನಾಗಿದೆ” ಎಂದೆ.

“ಅದೇ ತೊಂದರೆ” ಎಂದು ಅವರು ಒಲೆಯ ಕಡೆ ತಿರುಗಿದರು. “ಭಾವ, ಒಗ್ಗರಣೆಗೆ ಎಂತ ಹಾಕಿದಿರಿ?”

ಭಾವ ಸಂತೋಷದಿಂದ ಬಟ್ಟೆ ಕಟ್ಟಿದ ಒಂದು ಸಣ್ಣ ಮಡಕೆಯನ್ನು ಎತ್ತಿ ತೋರಿಸಿದರು. “ಅಂಗಡಿದಲ್ಲ. ನಿಮ್ಮ ಅಕ್ಕನೇ ಕಾಸಿ ಕಳ್ಸಿದ್ದು. ಹಂದಿ ನೆಣ.”

ನಾನು ಗೋಡೆಯ ಕಾಗದ ನೋಡಿದೆ. ಅವರೂ ನೋಡಿದರು.

“ಮಾಂಸ ಎಲ್ಲುಟ್ಟು?” ಎಂದರು ಭಾವ. ಅವರ ಮುಖ ಸಣ್ಣದಾಗತೊಡಗಿತ್ತು. “ಇದು ನೆಣ ಅಲ್ಲವಾ? ನೆಣ ಇಲ್ಲದೆ ಕಣಿಲೆ ಮಾಡಿದ್ರೆ ಬಿದಿರು ಬಿದಿರಾಗಿಯೇ ಇರ್ತದೆ.”

ಅವರು ಮೋಸ ಮಾಡಿದವರಲ್ಲ. ನಮ್ಮ ಅಡಿಗೆಮನೆಗಳಲ್ಲಿ ಹಂದಿಯ ನೆಣ ಎಣ್ಣೆ ತುಪ್ಪಗಳ ಸಾಲಿನಲ್ಲಿ ಇರುತ್ತಿತ್ತು. ಅದನ್ನು ಮಾಂಸ ಎಂದು ಯಾರೂ ಎಣಿಸುತ್ತಿರಲಿಲ್ಲ. ನಾನೂ ಎಣಿಸಿರಲಿಲ್ಲ, ಆದ್ದರಿಂದಲೇ ನನ್ನ ಪಟ್ಟಿಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಒಣಮೀನನ್ನು ಕೂಡ ಮರೆಯದೆ ಬರೆದಿದ್ದೆ ಎಂದು ಹೆಮ್ಮೆಪಟ್ಟವನು ನಾನು.

ಗಂಟೆ ಒಂದಕ್ಕೆ ಎಂಟು ನಿಮಿಷವಿತ್ತು. ಆಗ ನಾನು ಹೇಳಿದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. “ಯಾರಿಗೂ ಗೊತ್ತಾಗುವುದಿಲ್ಲ. ಬಡಿಸಿಬಿಡೋಣ. ಬರುವ ವರ್ಷ ಪಟ್ಟಿಗೆ ಸೇರಿಸುತ್ತೇನೆ” ಎಂದೆ.

“ಶುಕ್ರವಾರ ಸಂತೆಗೆ ಹೋಗುವವ ನಾನು ಮೇಷ್ಟ್ರೇ, ನೀವಲ್ಲ” ಎಂದರು ಕಾಂಪೌಂಡರು. ಧ್ವನಿ ಏರಿಸಲಿಲ್ಲ. ಒಲೆಯ ಮೇಲಿದ್ದ ಹಲಸಿನ ಬೀಜದ ಹಂಡೆಯನ್ನು ತೋರಿಸಿ, “ಅದಕ್ಕೂ ಹಾಕಿದಿರಾ?” ಎಂದು ಭಾವನನ್ನು ಕೇಳಿದರು. ಭಾವ ತಲೆ ಆಡಿಸಿದರು. ಇಬ್ಬರೂ ಸೇರಿ ಎರಡು ಹಂಡೆಗಳನ್ನೂ ಕೆಳಗಿಳಿಸಿ ಮೂಲೆಗೆ ಸರಿಸಿದರು. ಆಮೇಲೆ ಕಾಂಪೌಂಡರು ಕೈ ತೊಳೆದುಕೊಂಡು ಹಾಲಿಗೆ ಹೋಗಿ, ಎಲ್ಲರ ಮುಂದೆ ನಿಂತು ಹೇಳಿದರು:

“ಊಟ ತಡ ಆಗ್ತದೆ. ಎರಡು ಕರಿಗೆ ಹಂದಿ ನೆಣ ಬಿದ್ದಿದೆ. ಅಡಿಗೆಯವರದ್ದು ತಪ್ಪಿಲ್ಲ, ನಾವೇ ಹೇಳಿರಲಿಲ್ಲ. ಅದನ್ನು ಇಳಿಸಿದ್ದೇವೆ. ಬೇರೆ ಮಾಡ್ಲಿಕ್ಕೆ ಒಂದು ಗಂಟೆ ಬೇಕು.”

ಗದ್ದಲವೆದ್ದಿತು. ಎಸ್ಟೇಟ್ ಮಾಲೀಕರು ಎದ್ದೇ ನಿಂತರು. “ಒಂದು ಸೌಟು ನೆಣಕ್ಕೆ ಎರಡು ಹಂಡೆ ಕರಿ ಇಳಿಸೋದಾ! ನನ್ನ ಎಲೆಗೆ ಹಾಕಿ ಮಾರಾಯ್ರೇ, ಪಾಪ ಎಲ್ಲ ನನಗಿರಲಿ.” ಹಾಲೆಲ್ಲ ನಕ್ಕಿತು. ನನಗೂ ಅದೇ ಸರಿ ಎನಿಸುತ್ತಿತ್ತು. ಕಾಂಪೌಂಡರು ಮಾತ್ರ ನಗಲಿಲ್ಲ. ಅಧ್ಯಕ್ಷರ ಕಡೆ ನೋಡುತ್ತ ನಿಂತರು. ಕೊನೆಯ ಬೆಂಚಿನವನು ಅವರನ್ನೇ ನೋಡುತ್ತಿದ್ದ.

ಸುಬೇದಾರರು ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದರು. “ಕಟ್ಟು ಹಾಕಿದ್ದು ನಾನು” ಎಂದರು. “ಹಾಕಿದ ಮೇಲೆ ಆಯ್ತು. ಕೊಟ್ಟಿಗೇಲಿ ಕುಂಬಳಕಾಯಿ ರಾಶಿ ಇತ್ತಲ್ಲ? ಕತ್ತಿ ಕೊಡಿ.”

ಬೇಟೆಗೆ ಹೋಗುವ ಗಂಡಸರಿಗೆ ನಮ್ಮಲ್ಲಿ ಅಡಿಗೆ ಚೆನ್ನಾಗಿ ಬರುತ್ತದೆ. ಕಾಡಿನಲ್ಲಿ ಬೇಯಿಸಿ ರೂಢಿ. ಸುಬೇದಾರರು ಕೂತು ಕುಂಬಳಕಾಯಿ ಹೋಳು ಮಾಡತೊಡಗಿದಾಗ ಉಳಿದವರು ಬೆಂಚಿನಲ್ಲಿ ಕೂತಿರುವ ಹಾಗಿರಲಿಲ್ಲ. ವಕೀಲರು ಈರುಳ್ಳಿ ಹೆಚ್ಚಿ ಕಣ್ಣೀರು ಸುರಿಸಿದರು. ಎಸ್ಟೇಟ್ ಮಾಲೀಕರು ಗೊಣಗುತ್ತಲೇ ತೆಂಗಿನಕಾಯಿ ತುರಿದರು. ಪಟ್ಟಿ ಬರೆದವನಿಗೆ ಶಿಕ್ಷೆ ಎಂದು ನನಗೆ ಬೆಳ್ಳುಳ್ಳಿ ಸುಲಿಯಲು ಕೊಟ್ಟರು. ಭಾವ ಮೊದಮೊದಲು ಸಿಟ್ಟಿನಿಂದ ಪಾತ್ರೆ ಕುಕ್ಕುತ್ತಿದ್ದರು. ಆಮೇಲೆ ಸುಬೇದಾರರ ಹೋಳು ದಪ್ಪ ಆಯಿತೆಂದು ಬೈಯಲು ಶುರು ಮಾಡಿದರು. ಅಲ್ಲಿಗೆ ಅವರ ಮನಸ್ಸು ತಿಳಿಯಾಯಿತು ಎಂದು ಗೊತ್ತಾಯಿತು.

ಹಂದಿ ಮಾರುವವನು ಕೊಟ್ಟಿಗೆಯ ಬಾಗಿಲಿಗೆ ಬಂದು ಮೂಲೆಯ ಹಂಡೆಗಳನ್ನು ಬಗ್ಗಿ ನೋಡಿದ. ಕಾಂಪೌಂಡರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ತಾನೂ ಒಂದು ಕುಂಬಳಕಾಯಿ ಎಳೆದುಕೊಂಡ.

“ಅಲ್ಲ ಕಾಂಪೌಂಡ್ರೇ, ನಮ್ಮ ಮನೇಲಿ ನೆಣಾನ ಯಾರೂ ಮಾಂಸ ಅಂತ ಹಿಡಿಯೋದಿಲ್ಲ.”

“ನಮ್ಮ ಮನೇಲೂ ಇಲ್ಲ.”

“ಮತ್ತೆ ಇಳಿಸಿದ್ದು?”

“ಹಂದಿ ಅದನ್ನೂ ತನ್ನ ಮೈ ಅಂತ ಹಿಡಿದಿರ್ತದಲ್ಲ” ಎಂದರು ಕಾಂಪೌಂಡರು.

ಅವನು ಜೋರಾಗಿ ನಕ್ಕ. ಆಮೇಲೆ ಹೋಳು ಮಾಡತೊಡಗಿದ.

ಎರಡೂ ಇಪ್ಪತ್ತಕ್ಕೆ ಎಲೆ ಹಾಕಿದೆವು. ನಾನು ಎರಡನ್ನೂ ರುಚಿ ನೋಡಿದವನಾದ್ದರಿಂದ ಸುಳ್ಳು ಹೇಳಲಾರೆ: ತೆಂಗಿನೆಣ್ಣೆಯಲ್ಲಿ ಮಾಡಿದ ಕುಂಬಳಕಾಯಿ ಕರಿ ಆ ಕಣಿಲೆ ಕರಿಯ ಹತ್ತಿರಕ್ಕೂ ಬರಲಿಲ್ಲ. ಆದರೆ ಎಲ್ಲರಿಗೂ ಹಸಿವಾಗಿತ್ತು, ಎಲ್ಲರ ಕೈಯೂ ಅದಕ್ಕೆ ಬಿದ್ದಿತ್ತು. ಕಡಂಬುಟ್ಟು ಮೂರನೆಯ ಸಲ ಬಡಿಸಬೇಕಾಯಿತು. ಹಸಿದು ಎದ್ದವರು ಯಾರೂ ಇಲ್ಲ. ಎಸ್ಟೇಟ್ ಮಾಲೀಕರಂತೂ ಏಳಲು ಇಬ್ಬರ ಕೈ ಹಿಡಿದರು. ಇಳಿಸಿದ ಹಂಡೆಗಳನ್ನು ಭಾವ ಗಾಡಿಗೆ ಹಾಕಿಸಿಕೊಂಡು ಊರಿಗೆ ಒಯ್ದರು. ಅಲ್ಲಿ ಒಂದು ಹೋಳೂ ಉಳಿಯಲಿಲ್ಲವಂತೆ.

ಈಗಿನ ಸಂಘದವರು ನನಗೆ ಹೇಳುವುದುಂಟು, ಊಟ ಸಣ್ಣ ವಿಷಯ, ಜನ ಬರುವುದೇ ಊಟಕ್ಕೆ, ಅದನ್ನೂ ಬಿಡಿಸಿದರೆ ಯಾರು ಬರುತ್ತಾರೆ ಎಂದು. ನಾನು ಈ ಕಥೆ ಹೇಳುತ್ತೇನೆ. ನಮ್ಮ ಕಾಂಪೌಂಡರು ಯಾರ ಮನೆಯ ಒಲೆಗೂ ಕೈ ಹಾಕಲಿಲ್ಲ. ಯಾರ ಹೆಸರಿನಲ್ಲಿ ಸಭೆ ಸೇರಿದ್ದೇವೋ ಅವರನ್ನೇ ಎಲೆಯ ಮೇಲೆ ಇಡಬೇಡಿ ಎಂದಷ್ಟೇ ಕೇಳಿದರು. ಅಷ್ಟನ್ನು ಪೂರ್ತಿಯಾಗಿ ಕೇಳಿದರು, ಒಂದು ಸೌಟಿನಷ್ಟೂ ಬಿಡದೆ. ಕಡಿಮೆ ಕೇಳಿ ಪೂರ್ತಿ ಕೇಳುವವರನ್ನು ನಾನು ಆಮೇಲೆ ಹೆಚ್ಚು ನೋಡಲಿಲ್ಲ.

ಮರು ಶುಕ್ರವಾರ ಸ್ಕೂಲಿಗೆ ಮೊದಲು ನಾನೂ ಅವರ ಜೊತೆ ಸಂತೆಗೆ ಹೋದೆ. ಎಂಟರ ಹೊತ್ತಿಗೆ ಹಂದಿ ಮಾರುವವನು ತನ್ನ ತಮ್ಮನ ಜೊತೆ ಗಳ ಹೊತ್ತು ಬಂದ. ಹಂದಿ ತಲೆಕೆಳಗಾಗಿರಲಿಲ್ಲ. ಎರಡು ಗೋಣಿಚೀಲ ಬಿಚ್ಚಿ ಹೊಲಿದು, ಜೋಲಿಯ ಹಾಗೆ ಗಳಕ್ಕೆ ಕಟ್ಟಿದ್ದ. ಹಂದಿ ಅದರೊಳಗೆ ಹೊಟ್ಟೆ ಊರಿ, ಮೂತಿ ಹೊರಗೆ ಹಾಕಿ ಮಲಗಿತ್ತು. ಕಾಲಿಗೆ ಹಗ್ಗ ಇತ್ತು, ಆದರೆ ಭಾರ ಕಾಲಿನ ಮೇಲಿರಲಿಲ್ಲ.

“ನಿಮ್ಮ ಬಿದಿರಿನ ಪಲ್ಲಕ್ಕಿ ನಮ್ಮ ಕಾಲುದಾರಿಗೆ ಹಿಡಿಸೋದಿಲ್ಲ ಕಾಂಪೌಂಡ್ರೇ” ಎಂದ ಅವನು, ಗಳ ಇಳಿಸುತ್ತ. “ಎರಡೂ ಕಡೆ ಬೇಲಿ. ಅಲ್ಲಿ ಬಂದು ನೋಡಿದ್ರೆ ನಿಮಗೇ ಗೊತ್ತಾಗ್ತಿತ್ತು.”

ಕಾಂಪೌಂಡರು ತಾವು ಹೆಣೆದ ಗೂಡಿನ ಪರವಾಗಿ ಒಂದು ಮಾತೂ ಆಡಲಿಲ್ಲ. ಮಣ್ಣಿನಲ್ಲಿ ಮಂಡಿಯೂರಿ ಜೋಲಿಯ ತುದಿ ಹಿಡಿದು, “ಈ ಗಂಟು ಹೇಗೆ ಹಾಕಿದ್ದು?” ಎಂದು ಕೇಳಿದರು. ಅವನು ಬಿಚ್ಚಿ ತೋರಿಸಿದ. ಇವರು ಹಾಕಿದರು, ಸಡಿಲವಾಯಿತು. “ಹಾಗಲ್ಲ, ಒಳಗಿಂದ ತನ್ನಿ” ಎಂದು ಅವನು ಅವರ ಕೈ ಹಿಡಿದು ತಿರುಗಿಸಿದ. ಮೂರನೆಯ ಸಲಕ್ಕೆ ಗಂಟು ಬಿಗಿಯಾಯಿತು. ಸುತ್ತ ಜನ ಸೇರಿದ್ದರು, ನೋಡುತ್ತಿದ್ದರು.

ಕಾಂಪೌಂಡರು ಮಂಡಿಯ ಮಣ್ಣು ಕೊಡವಿ ಎದ್ದರು. ನಾಲ್ಕು ಹೆಜ್ಜೆ ಆಚೆ ಒಬ್ಬ ಹತ್ತು ಕೋಳಿಗಳ ಕಾಲು ಒಟ್ಟಿಗೆ ಕಟ್ಟಿ ಸೈಕಲ್ಲಿಗೆ ನೇತುಹಾಕಿಕೊಂಡು ನಿಂತಿದ್ದ. ಇವರು ನೇರ ಅವನ ಮುಂದೆ ಹೋಗಿ ನಿಂತರು.

“ಅಣ್ಣ, ಒಂದು ಮಾತು ಕೇಳ್ತೀರಾ?”

ಹಿಂದಿನಿಂದ ಯಾರೂ ನಗಲಿಲ್ಲ. ಕೋಳಿಯವನು ಒಮ್ಮೆ ಸುತ್ತಲೂ ನೋಡಿದ. ಯಾರೂ ಸಹಾಯಕ್ಕೆ ಬರುವುದಿಲ್ಲ ಎಂದು ಕಂಡು ಸೈಕಲ್ಲನ್ನು ಗೋಡೆಗೆ ಒರಗಿಸಿದ.

“ಬೇಗ ಹೇಳಿ. ಗಿರಾಕಿ ಬರುವ ಹೊತ್ತು” ಎಂದ.